ಬೆಲ್ಲದ ಚೂರು, ನಲ್ಲಿ ನೀರು

ಕೊಡಿಗೇಹಳ್ಳಿಯ ಹಳೇ ಊರಿನ ಲಕ್ಕಮ್ಮನ ಮನೆಗೆ ಯಾರೇ ಬರಲಿ, ಮೊದಲು ಒಂದು ಚೂರು ಬೆಲ್ಲ, ಒಂದು ಲೋಟ ನೀರು; ಆಮೇಲೆ ಬಂದ ಕೆಲಸದ ಮಾತು. ಅತ್ತೆಯ ಕಾಲದಿಂದ ನಡೆದುಬಂದ ಪದ್ಧತಿ. ಈಚೆಗೆ ನಲ್ಲಿಯಲ್ಲಿ ಮೋರಿ ವಾಸನೆಯ ನೀರು ಬರುತ್ತಿತ್ತು. ಮೊಮ್ಮಗಳು ಪದ್ಮಶ್ರೀ ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದ್ದಳು. ಮಗ ಯಶವಂತ್ ನೀರಿನ ಆಫೀಸಿಗೆ ದೂರು ಕೊಟ್ಟಾಗಲೆಲ್ಲ ಮೊಬೈಲಿಗೆ ಒಂದೇ ಉತ್ತರ: ಸಮಸ್ಯೆ ಬಗೆಹರಿದಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿನ ಪೂಜಾರಿಯಂತೂ ವರ ಕೊಟ್ಟಾಯಿತೆಂದು ದೇವರಿಗೇ ವರದಿ ಕಳಿಸುತ್ತಿದ್ದ.

ಕೊನೆಗೊಂದು ಬೆಳಿಗ್ಗೆ ನೀರಿನ ಆಫೀಸಿನ ಎಂಜಿನಿಯರ್ ಶಶಿರೇಖಾ ಬಂದರು. ಲಕ್ಕಮ್ಮ ಬೈಯಬೇಕೆಂದೇ ಕಾದಿದ್ದವಳು. ಆದರೆ ಕೈಗೆ ರೂಢಿ ತಪ್ಪಲಿಲ್ಲ. ಕುಡಿಯಲೆಂದು ತರಿಸಿಟ್ಟ ಕ್ಯಾನ್ ನೀರಿರುವುದನ್ನೇ ಮರೆತು ನಲ್ಲಿ ನೀರು ಹಿಡಿದು ಕೊಟ್ಟಳು. ಲೋಟ ಆಕೆಯ ತುಟಿಗೆ ಹೋಗುವಾಗ ಲಕ್ಕಮ್ಮನಿಗೆ ಅದು ಯಾವ ನೀರೆಂಬುದು ನೆನಪಾಯಿತು. ಬೈಗುಳವೆಲ್ಲ ಮರೆತು ಲೋಟ ಕಸಿದುಕೊಂಡಳು.

“ಕುಡೀಬ್ಯಾಡಿ ಮೇಡಮ್ಮೋರೆ. ಇದ್ನ ಕುಡ್ದೇ ನನ್ ಮೊಮ್ಮಗ್ಳು ಆಸ್ಪತ್ರೇಲಿ ಮಲಗವ್ಳೆ.”

ಜೊತೆಗಿದ್ದ ಮೇಸ್ತ್ರಿ ಸೋಮನಾಥ ಕಾರಣ ಹೇಳತೊಡಗಿದ. ಪೈಪು ಹಳೆಯದು, ಬೀದಿಯವರೇ ಅಲ್ಲಲ್ಲಿ ಕೊರೆದು ಕದ್ದು ಸಂಪರ್ಕ ತೆಗೆದುಕೊಂಡಿದ್ದಾರೆ, ಇರುವ ಆಳುಗಳು ಸಾಲುವುದಿಲ್ಲ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಶಶಿರೇಖಾ ಕೈಯೆತ್ತಿ ಅವನನ್ನು ತಡೆದರು.

“ದೂರು ಮುಚ್ಚಿದ್ದು ನಾನೇ ಅಮ್ಮ. ಬಂದು ನೋಡ್ದೇನೇ ಕೂತಲ್ಲೇ ಮುಚ್ಬಿಟ್ಟೆ. ತಪ್ಪು ನಂದು.”

ಲಕ್ಕಮ್ಮ ಬೆರಗಾಗಿ ನಿಂತಳು. ಆಫೀಸಿನವರ ಬಾಯಲ್ಲಿ ತಪ್ಪು ಮೇಲಿನವರದ್ದಾಗಿದ್ದನ್ನು, ಕೆಳಗಿನವರದ್ದಾಗಿದ್ದನ್ನು, ಯಾರೂ ಸಿಗದಿದ್ದರೆ ಮಳೆಯದ್ದಾಗಿದ್ದನ್ನು ಅವಳು ಕೇಳಿದ್ದಳು. ನನ್ನದು ಎಂದವರನ್ನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಅವತ್ತೇ ರಸ್ತೆ ಅಗೆದರು. ಬಿಸಿಲು ನೆತ್ತಿಗೇರಿದರೂ ಶಶಿರೇಖಾ ಗುಂಡಿಯ ಪಕ್ಕ ಬಿಟ್ಟು ಕದಲಲಿಲ್ಲ. ಮೋರಿಯೊಳಗೇ ಹಾದು ಒಡೆದಿದ್ದ ಪೈಪು ಸಿಕ್ಕಿತು, ಅದನ್ನು ಬದಲಾಯಿಸಿದ್ದೂ ಆಯಿತು. ಪದ್ಮಶ್ರೀ ಚೇತರಿಸಿಕೊಂಡು ಮನೆಗೆ ಬಂದಳು.

ಮಳೆಗಾಲ ಹಿಡಿದು ಮೋರಿಗಳು ಉಕ್ಕುತ್ತಿದ್ದ ಒಂದು ದಿನ ಬಾಗಿಲಲ್ಲಿ ಮತ್ತೆ ಶಶಿರೇಖಾ.

“ಈಗ ನಾವ್ ಕಂಪ್ಲೇಂಟೇ ಕೊಟ್ಟಿಲ್ವಲ್ಲ ಮೇಡಮ್ಮೋರೆ?”

“ಅದಕ್ಕೇ ಬಂದೆ ಅಮ್ಮ. ಕುಡಿಯೋಕೆ ನೀರು ಕೊಡಿ. ನಲ್ಲೀದೇ ಕೊಡಿ.”

ಲಕ್ಕಮ್ಮ ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಬೆಲ್ಲ ಹಿಡಿದು ಬಂದಳು. ಶಶಿರೇಖಾ ಕೊನೆಯ ಗುಟುಕಿನವರೆಗೂ ಕುಡಿಯುವುದನ್ನು ಕಣ್ಣು ಮಿಟುಕಿಸದೆ ನೋಡಿದಳು. ಆಕೆ ಲೋಟ ವಾಪಸು ಕೊಟ್ಟು ಪಕ್ಕದ ಮನೆಯ ಬಾಗಿಲು ತಟ್ಟಿದಾಗಲೇ ಲಕ್ಕಮ್ಮನಿಗೆ ಎಚ್ಚರವಾದದ್ದು. ಬೆಲ್ಲ ಇನ್ನೂ ಅವಳ ಕೈಯಲ್ಲೇ ಇತ್ತು.