ಬಸ್ ನಿಲ್ದಾಣದ ಸಿಮ್ ಛತ್ರಿ

ನಾನು ಒಂದು ದೊಡ್ಡ ಛತ್ರಿ. ಕೈಯಲ್ಲಿ ಹಿಡಿಯುವಂಥದ್ದಲ್ಲ; ನೆಲಕ್ಕೆ ನಿಲ್ಲಿಸಿ, ಅಡಿಯಲ್ಲಿ ಮೇಜಿಟ್ಟು ಸಿಮ್ ಮಾರಲೆಂದೇ ಹೊಲಿದದ್ದು. ಬಟ್ಟೆಯ ತುಂಬ ಕಂಪನಿಯ ಹೆಸರು.

ಗದಗಿನ ಬಸ್ ನಿಲ್ದಾಣದ ಮುಂದೆ ನೀಲಗಂಗಾ ಎಂಬ ಹುಡುಗಿ ನನ್ನನ್ನು ದಿನಾ ಬಿಚ್ಚಿ ನಿಲ್ಲಿಸುತ್ತಿದ್ದಳು. ಎದುರಿಗೆ ಬೇರೆ ಕಂಪನಿಯ ಛತ್ರಿ, ಅದರಡಿ ಮಾಬುಸಾಬ. ಬಸ್ಸಿಳಿದವರನ್ನು ಇಬ್ಬರೂ ಕೂಗಿ ಕರೆಯುವರು. ಅವನು ಸಿಮ್ ಪುಕ್ಕಟೆ ಅಂದರೆ ಇವಳು ಮಾತೂ ಪುಕ್ಕಟೆ ಅನ್ನುವಳು. ಬಿಸಿಲಿಗಿಂತ ಆ ಕೂಗಾಟಕ್ಕೇ ನನಗೆ ಸಾಕಾಗುತ್ತಿತ್ತು. ಜನ ಮಾತ್ರ ನಗುತ್ತ ಹೋಗುತ್ತಿದ್ದರು.

ಪಕ್ಕದಲ್ಲಿ ಕಸಬರಿಗೆ ಮಾರುವ ದ್ಯಾಮವ್ವನಿಗೂ ನೀಲಗಂಗಾ ಒಂದು ಸಿಮ್ ಹಾಕಿಕೊಟ್ಟಳು. "ರೊಕ್ಕಾ ಹಾಕದಿದ್ರೂ ಫೋನ್ ಬರ್ತಾವ, ಯಮ್ಮಾ" ಅಂದಳು. ದ್ಯಾಮವ್ವನಿಗೆ ಬೇಕಾದದ್ದೂ ಅಷ್ಟೇ. ಮಗಳು ಯಲ್ಲವ್ವ ಗಂಡನ ಸಂಗಡ ರತ್ನಾಗಿರಿಗೆ ದುಡಿಯಲು ಹೋಗಿದ್ದಳು. ಅವಳ ಫೋನು ಬಂದಾಗಲೆಲ್ಲ ಮುದುಕಿ ನನ್ನ ನೆರಳಿಗೆ ಬಂದು ಮಾತಾಡುವಳು.

ಒಂದು ಬೆಳಿಗ್ಗೆ ಮಾಬುಸಾಬ ಬರಲಿಲ್ಲ. ಅವನ ಕಂಪನಿ ಮುಚ್ಚಿತ್ತು. ನೀಲಗಂಗಾ ಮೊದಲು ಖುಷಿಪಟ್ಟಳು, ಸಂಜೆಗೆ ಸಪ್ಪಗಾದಳು. ಸಣ್ಣ ಕಂಪನಿಗಳೆಲ್ಲ ಹೀಗೇ ಹೋದವು. ಉಳಿದ ಎರಡು ಮೂರರಲ್ಲಿ ಒಂದು ದರ ಏರಿಸಿದರೆ ಮಿಕ್ಕವೂ ಏರಿಸಿದವು. ತಿಂಗಳು ತಿಂಗಳೂ ರಿಚಾರ್ಜ್ ಮಾಡದವರಿಗೆ ಬರುವ ಫೋನೂ ನಿಂತಿತು.

ದ್ಯಾಮವ್ವನಿಗೆ ಇದು ತಿಳಿಯಲಿಲ್ಲ. ಮಗಳಿಗೆ ಪುರುಸೊತ್ತಿಲ್ಲವೆಂದುಕೊಂಡು ಸುಮ್ಮನಿದ್ದಳು. ಆಮೇಲೆ ರತ್ನಾಗಿರಿಯಿಂದ ಬಂದ ಊರವನೊಬ್ಬ ಬಸ್ಸಿಳಿದು, "ಯಲ್ಲವ್ವ ಹಡದು ಭಾಳ ದಿನಾ ಆತಲ್ಲಬೇ! ಎಷ್ಟ ಸಲ ಹಚ್ಚಿದ್ರೂ ನಿನ್ನ ಫೋನ್ ಹತ್ತವಲ್ದು" ಅಂದ.

ಮುದುಕಿ ನೇರ ನನ್ನಡಿಗೆ ಬಂದಳು. "ನೀನ ಹೇಳಿದ್ಯಲ್ಲವಾ, ರೊಕ್ಕಾ ಹಾಕದಿದ್ರೂ ಬರ್ತಾವಂತ?"

"ಆವಾಗ ಬರ್ತಿದ್ವು, ಯಮ್ಮಾ."

"ಹಂಗಾದ್ರ ಬ್ಯಾರೆ ಕಂಪನೀದು ಕೊಡು."

"ಎಲ್ಲಾರೂ ಹಂಗ ಮಾಡ್ಯಾರ" ಎಂದ ನೀಲಗಂಗಾ ತಲೆ ಎತ್ತಲಿಲ್ಲ. ಆಮೇಲೆ ತನ್ನ ಫೋನಿನಿಂದಲೇ ಯಲ್ಲವ್ವನಿಗೆ ಹಚ್ಚಿಕೊಟ್ಟಳು. ಮಗಳ ದನಿ ಕೇಳಿ ಮುದುಕಿ ಅತ್ತಳು.

ಸ್ವಲ್ಪ ದಿನಕ್ಕೆ ಛತ್ರಿ ಬೇಡವೆಂದು ಕಂಪನಿ ಹೇಳಿತು. ಜನರಿಗೆ ಬೇರೆ ದಾರಿಯಿಲ್ಲದ ಮೇಲೆ ಬಿಸಿಲಲ್ಲಿ ನಿಂತು ಕರೆಯುವುದೇಕೆ? ನೀಲಗಂಗಾ ಬಟ್ಟೆ ಅಂಗಡಿ ಸೇರಿದಳು. ಹೋಗುವಾಗ ನನ್ನನ್ನು ದ್ಯಾಮವ್ವನಿಗೆ ಬಿಟ್ಟಳು.

ಈಗ ನನ್ನ ಒಂದು ಕಡ್ಡಿ ಮುರಿದಿದೆ, ಬಣ್ಣ ಹೋಗಿದೆ. ಕಸಬರಿಗೆ ನಾಲ್ಕು ಜಾಸ್ತಿ ಮಾರಾಟವಾದ ತಿಂಗಳು ದ್ಯಾಮವ್ವ ರಿಚಾರ್ಜ್ ಮಾಡಿಸುತ್ತಾಳೆ. ಇಲ್ಲದ ತಿಂಗಳು ಬಸ್ಸು ಕಾಯುವವರನ್ನು ಬೇಡುತ್ತಾಳೆ: "ಯಪ್ಪಾ, ಒಂದ ಫೋನ್ ಹಚ್ಚಿಕೊಡೋ." ಕೆಲವರು ದೂರ ಸರಿಯುತ್ತಾರೆ. ನಿನ್ನೆ ಒಬ್ಬ ಹಚ್ಚಿಕೊಟ್ಟ. ಆ ಕಡೆಯಿಂದ ಮೊಮ್ಮಗಳು ತೊದಲತೊಡಗಿದಳು. ಮುದುಕಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಬಸ್ ಬಂತಬೇ, ಕೊಡು" ಎಂದು ಅವನು ಕೈ ಚಾಚಿದ.

ಕೂಸು ಇನ್ನೂ ಮಾತಾಡುತ್ತಲೇ ಇತ್ತು. ದ್ಯಾಮವ್ವ ಫೋನು ಕೊಟ್ಟುಬಿಟ್ಟಳು.