ಜೈನಾಬ್ ಬೀಯ ಒಂದು ಹನಿ ರಕ್ತ

೧೯೪೩ರಲ್ಲಿ ಮಳವಳ್ಳಿಯ ಸುತ್ತ ಚಳಿಜ್ವರ ಹಬ್ಬಿತ್ತು. ಅದರ ಸಂಶೋಧನೆಗೆಂದು ಬಂದ ಡಾಕ್ಟರ್ ವರದರಾಜ ಛತ್ರದ ಕೋಣೆಯಲ್ಲಿ ಸೂಕ್ಷ್ಮದರ್ಶಕ ಇಟ್ಟುಕೊಂಡು, ಪೇಟೆಗೆ ಒಬ್ಬನೇ ಫೋಟೋಗ್ರಾಫರನಾದ ಗೌಸ್ ಪೀರನನ್ನು ಕರೆಸಿದರು.

“ರಕ್ತದೊಳಗಿನ ಜ್ವರದ ಹುಳ ನನಗೆ ಕಾಣಿಸುತ್ತೆ. ಅದರ ಫೋಟೋ ಬೇಕು. ಆಗುತ್ತಾ ಸಾಬರೇ?”

“ನೋಡ್ತೀನಿ ಸಾಮಿ,” ಎಂದ ಪೀರ್.

ಮದುವೆಯ, ಹೆಣದ ಫೋಟೋ ಬಿಟ್ಟು ಬೇರೇನೂ ತೆಗೆಯದವನಿಗೆ ಇದರ ಹುಚ್ಚು ಹಿಡಿಯಿತು. ಕ್ಯಾಮೆರಾದ ಲೆನ್ಸ್ ಬಿಚ್ಚಿ, ಆ ಬಾಯಿಗೆ ಸೂಕ್ಷ್ಮದರ್ಶಕದ ಕೊಳವೆ ಕೂಡಿಸಿ, ಬೆಳಕು ನುಸುಳದಂತೆ ಕರಿಬಟ್ಟೆ ಸುತ್ತಿದ. ಕಿಟಕಿಯ ಬಿಸಿಲನ್ನು ಕನ್ನಡಿಯಿಂದ ಹಿಡಿದು ರಕ್ತ ಸವರಿದ ಗಾಜಿನ ಕೆಳಗಿನಿಂದ ಹಾಯಿಸಿದ. ಬೀದಿಯಲ್ಲೊಂದು ಗಾಡಿ ಹೋದರೆ ಸಾಕು, ಚಿತ್ರ ಕಲಸಿಹೋಗುತ್ತಿತ್ತು. ಫೋಟೋ ಮೂಡಿಸುವ ಗಾಜಿನ ಪ್ಲೇಟು ಹನ್ನೊಂದು ಹಾಳಾದವು.

“ತುಂಬ ಹುಳ ಇರೋ ರಕ್ತ ಸಿಕ್ಕಬೇಕು,” ಎಂದರು ಡಾಕ್ಟರು.

ಆ ವಾರವೇ ಪೀರನ ಹೆಂಡತಿ ಜೈನಾಬ್ ಬೀ ಜ್ವರ ಬಂದು ಮಲಗಿದಳು. ಡಾಕ್ಟರು ಅವಳ ಬೆರಳು ಚುಚ್ಚಿ, ಹನಿಯನ್ನು ಗಾಜಿಗೆ ಸವರಿ, ಬಣ್ಣ ಹಾಕಿ ನೋಡಿದರು. ಮುಖ ಅರಳಿತು.

“ಇಂಥದ್ದು ಸಿಕ್ಕೇ ಇರಲಿಲ್ಲ. ಬಿಸಿಲಿರುವಾಗಲೇ ತೆಗೀರಿ.”

ಪೀರ್ ಉಸಿರು ಬಿಗಿಹಿಡಿದು ತೆಗೆದ. ಪ್ಲೇಟು ತೊಳೆದಾಗ ರಕ್ತಕಣಗಳೊಳಗೆ ಉಂಗುರದಂಥ ಹುಳಗಳು ಒಂದೊಂದಾಗಿ ಮೂಡಿದವು. ಮನೆಗೆ ಓಡಿ, “ಬಂತು ಕಣೇ, ಚೆನ್ನಾಗ್ ಬಂತು,” ಎಂದ. ಅವಳಿಗೆ ಅವನ ಗುರುತೇ ಸಿಗಲಿಲ್ಲ.

ಯುದ್ಧದ ಕಾಲ, ಕ್ವಿನೈನ್ ಮಾತ್ರೆ ಸೈನ್ಯದ ಪಾಲಾಗುತ್ತಿತ್ತು. ಮಂಡ್ಯದಿಂದ ತರಿಸುತ್ತೇನೆಂದರು ಡಾಕ್ಟರು. ಬರುವ ಮೊದಲೇ ಅವಳು ತೀರಿಕೊಂಡಳು.

ನಲವತ್ತು ದಿನ ಕಳೆದ ಮೇಲೆ ಪೀರ್ ಛತ್ರಕ್ಕೆ ಹೋದ.

“ರಕ್ತ ನೋಡ್ದಾಗ್ಲೇ ಗೊತ್ತಿತ್ತಾ ಸಾಮಿ, ಉಳಿಯಾಕಿಲ್ಲ ಅಂತ?”

“ಅಷ್ಟು ಹುಳ ಇದ್ದರೆ ಕಷ್ಟ.”

“ನಿಮ್ ಪೆಟ್ಟಿಗೇಲಿ ಮಾತ್ರೆ ಇತ್ತಲ್ಲ, ನಾನೇ ನೋಡಿದ್ದೆ.”

“ಅದು ನಮ್ಮ ಸಿಬ್ಬಂದಿಗೆ ಇಟ್ಟದ್ದು.”

“ಅಂಗಾರೆ ಆ ಪ್ಲೇಟ್ ಕೊಟ್ಬುಡಿ.”

“ಅದು ಇಲಾಖೆಯದು. ಆಗಲೇ ಕಳಿಸಾಯ್ತು.”

ಪರದೆಯವಳೆಂದು ಹೆಂಡತಿಯನ್ನು ಅವನು ಒಮ್ಮೆಯೂ ಕ್ಯಾಮೆರಾದ ಮುಂದೆ ಕೂರಿಸಿರಲಿಲ್ಲ. ಅವಳದೆಂದು ಹೇಳಿಕೊಳ್ಳಲು ಇದ್ದದ್ದು ಆ ಚಿತ್ರವೊಂದೇ.

ಮರುವರ್ಷ ಅಚ್ಚಾದ ವರದಿ ಆಸ್ಪತ್ರೆಗೆ ಬಂತು. ಕಾಂಪೌಂಡರ್ ಹೊನ್ನಯ್ಯ ಪೀರನನ್ನು ಕರೆದು ತೋರಿಸಿದ. ಚಿತ್ರದ ಕೆಳಗೆ ವರದರಾಜರ ಹೆಸರಿತ್ತು. ಅದರ ಮುಂದೆ: ಮಳವಳ್ಳಿ, ಹೆಂಗಸು, ಮೂವತ್ತು ವರ್ಷ.

“ಇಪ್ಪತ್ತೆರಡು,” ಎಂದ ಪೀರ್.

ಪುಟವನ್ನು ನಿಧಾನವಾಗಿ ಹರಿದುಕೊಂಡು ಜೇಬಿಗಿಟ್ಟ. ಹೊನ್ನಯ್ಯ ಬೇಡ ಎನ್ನಲಿಲ್ಲ.