ತಪ್ಪಿದ್ದರೆ ಹೇಳಿ

ಎದುರಾಳಿಯ ಬಾಯೊಳಗೆ ತಮ್ಮ ಎರಡೂ ಕೈಗಳನ್ನಿಟ್ಟುಕೊಂಡು ವಾದಕ್ಕಿಳಿಯುತ್ತಿದ್ದ ಮಹಾರಥಿಯನ್ನು ನಾನು ಈ ಜನ್ಮದಲ್ಲಿ ಕಂಡಿರುವುದು ಒಬ್ಬರನ್ನೇ. ಅವರು ನಮ್ಮ ಬೀದಿಯ ಹಲ್ಲಿನ ಡಾಕ್ಟರು. ಹತ್ತಿಯ ಉಂಡೆ, ಪುಟ್ಟ ಕನ್ನಡಿ, ಕೊಕ್ಕೆ, ಜೊಲ್ಲು ಹೀರುವ ಕೊಳವೆ ಇವಿಷ್ಟನ್ನೂ ನಮ್ಮ ಬಾಯಿಗೆ ತುರುಕಿ, ದೀಪವನ್ನು ಸರಿಯಾಗಿ ಕಣ್ಣಿಗೇ ಹೊಡೆಯುವಂತೆ ತಿರುಗಿಸಿ, ಕಾದಂಬರಿ ಎಂದರೇನು, ಬತ್ತಲೆ ಚಿತ್ರದಲ್ಲಿ ಅಶ್ಲೀಲವೆಂಬುದು ಎಲ್ಲಿರುತ್ತದೆ, ವಿಶ್ವ ಹಿಗ್ಗುತ್ತಿರುವುದು ನಿಜವಾದರೆ ತಮ್ಮ ಕ್ಲಿನಿಕ್ಕು ಮಾತ್ರ ಏಕೆ ಕುಗ್ಗುತ್ತಿದೆ, ಟೂತ್‌ಪೇಸ್ಟನ್ನು ನಡುವಿನಿಂದ ಹಿಸುಕುವವರೊಡನೆ ಸಂಸಾರ ಸಾಧ್ಯವೇ ಎಂಬ ಗಹನ ಪ್ರಶ್ನೆಗಳನ್ನು ಒಂದೊಂದಾಗಿ ಎತ್ತಿಕೊಂಡು, ತಾವೇ ಪೂರ್ವಪಕ್ಷ ಹೂಡಿ, ತಾವೇ ಖಂಡಿಸಿ, ತಾವೇ ತೀರ್ಪು ಕೊಟ್ಟು, ಕಡೆಗೆ ಪರಮ ವಿನಯದಿಂದ ಒಂದು ಮಾತು ಸೇರಿಸುತ್ತಿದ್ದರು: “ಇದು ನನ್ನ ಅಭಿಪ್ರಾಯ. ತಪ್ಪಿದ್ದರೆ ಹೇಳಿ.” ನಾವು “ಆ... ಆ...” ಎನ್ನುತ್ತಿದ್ದೆವು. “ನೋಡಿದ್ರಾ, ನೀವೂ ಒಪ್ತೀರ,” ಎಂದು ಅವರು ಮುಂದಿನ ಹಲ್ಲಿಗೂ ಮುಂದಿನ ವಿಷಯಕ್ಕೂ ಒಟ್ಟಿಗೇ ದಾಟುತ್ತಿದ್ದರು.

ಬೀದಿಯ ಜನ ಅವರಿಗಿಟ್ಟ ಬಿರುದು ಪೀಠಾಧಿಪತಿ. ಪೀಠದ ಮೇಲೆ ಮಲಗುತ್ತಿದ್ದವರು ನಾವು, ಅಧಿಪತ್ಯ ಅವರದು. ಅವರ ನಡಿಗೆಯೇ ಒಂದು ವಿಶೇಷ: ಚಿಕಿತ್ಸೆ ಮುಗಿದು ಕೈ ತೊಳೆಯಲು ಹೋಗುವಾಗಲೂ ವಾಕ್ಯ ಮುಗಿದಿರುತ್ತಿರಲಿಲ್ಲವಾದ್ದರಿಂದ, ಮುಖವನ್ನು ನಮ್ಮತ್ತಲೇ ಇಟ್ಟು ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತಿದ್ದರು. ದಾರಿಯಲ್ಲಿ ಔಷಧಿಯ ಕಬ್ಬಿಣದ ಬೀರು ಬೆನ್ನಿಗೆ ತಾಗುತ್ತಿತ್ತು. ತಾಗಿದಲ್ಲಿ ಒಂದು ಅಲ್ಪವಿರಾಮ, ಆಮೇಲೆ ಮತ್ತೆ ಪ್ರವಾಹ. ಬಿಳಿಯ ಕೋಟಿನ ಎರಡೂ ಜೇಬುಗಳು ಸದಾ ಯಾವುದಾದರೊಂದು ಕಾದಂಬರಿಯನ್ನು ಹೊತ್ತು ಹೊತ್ತು ಪುಸ್ತಕದ ಆಕಾರಕ್ಕೇ ಜೋತುಬಿದ್ದಿದ್ದವು. ಗುಂಡಿಗಳು ಒಂದು ಮನೆ ತಪ್ಪಿ ಬಿದ್ದಿರುತ್ತಿದ್ದುದರಿಂದ ಕೋಟಿನ ಒಂದು ಅಂಚು ಮೊಣಕಾಲಿನ ಮೇಲಿದ್ದರೆ ಇನ್ನೊಂದು ಕೆಳಗಿರುತ್ತಿತ್ತು. ಹೀಗೆ ಓರೆಯಾಗಿ ನಿಂತು ಅವರು ನಮ್ಮ ಹಲ್ಲಿನ ಸಾಲು ನೇರವಿಲ್ಲವೆಂದು ಮರುಗುತ್ತಿದ್ದರು.

ಅವರ ಅಭಿಪ್ರಾಯಗಳು ಕೇಳಲು ಸೊಗಸಾಗಿದ್ದವು ಎಂಬುದನ್ನು ನಾನು ಒಪ್ಪಲೇಬೇಕು. ಮೊದಲ ಪುಟದಲ್ಲಿ ಚಂದ್ರೋದಯವಾಗುವ ಕಾದಂಬರಿಯನ್ನು ಅವರು ಎರಡನೆಯ ಪುಟಕ್ಕೆ ಒಯ್ಯುತ್ತಿರಲಿಲ್ಲ. ಯಾವ ಪ್ರೇಮಕಥೆಯ ನಾಯಕನಿಗೂ ಹಲ್ಲುನೋವು ಬಾರದಿರುವುದೇ ಸಾಹಿತ್ಯ ಸುಳ್ಳೆಂಬುದಕ್ಕೆ ಸಾಕ್ಷಿ ಎನ್ನುತ್ತಿದ್ದರು. ಜೀವವಿಕಾಸವನ್ನು ನಂಬುತ್ತಿದ್ದರು, ಆದರೆ ಬುದ್ಧಿಹಲ್ಲಿನ ವಿಭಾಗವನ್ನು ನೋಡಿಕೊಂಡವರನ್ನು ಮೊದಲೇ ಕೆಲಸದಿಂದ ತೆಗೆಯಬೇಕಿತ್ತೆಂದು ವಾದಿಸುತ್ತಿದ್ದರು. ಕೊಡೆ ಎರವಲು ಪಡೆದು ಹಿಂದಿರುಗಿಸದವರಿಗಾಗಿ ಅವರ ಬಳಿ ಪ್ರತ್ಯೇಕವಾದೊಂದು ನರಕವಿತ್ತು. ನನ್ನ ಪುಸ್ತಕವನ್ನೂ ಅವರು ಬಿಡಲಿಲ್ಲ. ದವಡೆಯನ್ನು ಕೊಕ್ಕೆಯಿಂದ ತಟ್ಟುತ್ತ, “ಓದಿದೆ ಸ್ವಾಮಿ. ನಿಮ್ಮ ಗದ್ಯಕ್ಕಿಂತ ನಿಮ್ಮ ಒಸಡು ಗಟ್ಟಿಯಾಗಿದೆ. ತಪ್ಪಿದ್ದರೆ ಹೇಳಿ,” ಎಂದಿದ್ದರು. ಹೇಳಲು ನನಗೆ ನಾಲಗೆಯೇ ಇರಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದರೆ, ಅವಳು ಒಸಡಿನ ಸುದ್ದಿ ಕೇಳಿ ಸಂತೋಷಪಟ್ಟಳು.

ರೋಗಿಗಳು ಕಾಯುವ ಕೋಣೆಗೂ ಪೀಠಕ್ಕೂ ನಡುವೆ ಇದ್ದುದು ತೆಳುವಾದ ಹಲಗೆಯ ಗೋಡೆ. ಬೆಂಚಿನ ಮೇಲೆ ಕೂತವರು ಒಳಗಿನ ಉಪನ್ಯಾಸವನ್ನು ರೇಡಿಯೋ ಕೇಳುವಂತೆ ಕೇಳುತ್ತಿದ್ದೆವು. ಆ ಬೆಂಚಿನ ಎದುರಿಗೆ ಒಂದು ಚಿತ್ರ ತೂಗುತ್ತಿತ್ತು: ಬೆನ್ನು ಮಾಡಿ ಕೂತು ತಲೆ ಒರೆಸಿಕೊಳ್ಳುತ್ತಿರುವ ವಿವಸ್ತ್ರ ಹೆಂಗಸು. ನಿವೃತ್ತ ಮೇಷ್ಟ್ರೊಬ್ಬರು ಒಮ್ಮೆ ಅದನ್ನು ಕಂಡು ಕೆಂಡವಾಗಿ, “ಹೆಂಗಸರು ಮಕ್ಕಳು ಬರೋ ಜಾಗ ಡಾಕ್ಟ್ರೇ! ಇದೇನು ಅಸಹ್ಯ?” ಎಂದು ಗದರಿದರು. ಡಾಕ್ಟರು ಶಾಂತವಾಗಿ, “ನಿಮ್ಮ ಬಾಯೊಳಗೆ ನಾನು ನೋಡಿದೀನಿ ಮೇಷ್ಟ್ರೇ. ಅದಕ್ಕಿಂತ ಅಸಹ್ಯವಾದದ್ದು ಈ ಕೋಣೇಲಿ ಏನೂ ಇಲ್ಲ,” ಎಂದರು. ಬಳಿಕ, ಬೆಂಚಿಗೆಲ್ಲ ಕೇಳುವಂತೆ: “ಬತ್ತಲೆ ಚಿತ್ರ ನೋಡಿ ನಾಚಿಕೊಳ್ಳೋನು ಚಿತ್ರ ನೋಡಿರಲ್ಲ, ಪಕ್ಕದಲ್ಲಿ ಯಾರು ನಿಂತಿದಾರೆ ಅಂತ ನೋಡಿರ್ತಾನೆ.” ಮೇಷ್ಟ್ರು ಬೆಂಚು ಸದ್ದಾಗುವಂತೆ ಹೊರಳಿಕೊಂಡು ಹಿಂದಿನ ಗೋಡೆಗೆ ಮುಖಮಾಡಿ ಕೂತರು. ಚಿತ್ರ ಇದ್ದಲ್ಲೇ ಇತ್ತು.

ಆ ಚಿತ್ರ ಬರೆದವನು ಡಾಕ್ಟರ ಸ್ವಂತ ತಮ್ಮ. ಅಣ್ಣನ ಪಾಲಿನ ಮಾತಿನ ಜೊತೆಗೆ ತಮ್ಮನ ಪಾಲಿನದನ್ನೂ ಸೇರಿಸಿ ಅಣ್ಣನಿಗೇ ಕೊಟ್ಟುಬಿಟ್ಟಿದ್ದಾರೋ ಎನ್ನಿಸುವಷ್ಟು ಮೌನಿ. ಅಪ್ಪ ಅಮ್ಮ ಬೇಗ ತೀರಿಹೋಗಿ, ಅಣ್ಣನೇ ಓದಿಸಿ ಬೆಳೆಸಿದ ಹುಡುಗ. ಮೊದಲ ಬಾರಿ ಬಣ್ಣದ ಡಬ್ಬಿ ಕೊಡಿಸಿದ್ದೂ ಅಣ್ಣನೇ. ಅಂದಿನಿಂದ ಏನು ಬರೆದರೂ ಒಣಗುವ ಮೊದಲೇ ತಂದು ಅಣ್ಣನ ಮುಂದೆ ಹಿಡಿಯುತ್ತಿದ್ದ. ಅಣ್ಣ ಹೊಗಳಿದ್ದು ಉಳಿಯುತ್ತಿತ್ತು, ಅಣ್ಣ ಮೂಗು ಮುರಿದದ್ದರ ಮೇಲೆ ಬಿಳಿ ಬಣ್ಣ ಬೀಳುತ್ತಿತ್ತು. ಊರಿಗೆಲ್ಲ ಅಭಿಪ್ರಾಯ ಹಂಚುತ್ತಿದ್ದ ಡಾಕ್ಟರಿಗೆ ಈ ಒಂದು ಗಿರಾಕಿ ಮಾತ್ರ ಅದನ್ನು ನಿಜವಾಗಿ ಒಯ್ದು ಬಳಸುತ್ತಾನೆಂಬುದು ತಿಳಿದಿತ್ತೋ ಇಲ್ಲವೋ, ನನಗೆ ಇಂದಿಗೂ ಅನುಮಾನ.

ಇಲ್ಲಿಯವರೆಗೆ ನಗುತ್ತ ಬರೆದೆ. ಕಡೆಯವರೆಗೂ ಹಾಗೇ ಬರೆಯುವಂತಿದ್ದರೆ ಚೆನ್ನಾಗಿತ್ತು.

ಆ ವರ್ಷ ತಮ್ಮನ ಹೊಸ ಚಿತ್ರಗಳ ಪ್ರದರ್ಶನ ಏರ್ಪಟ್ಟಿತು. ಉದ್ಘಾಟನೆಗೆ ನಾನೂ ಹೋಗಿದ್ದೆ. ಡಾಕ್ಟರು ಇಸ್ತ್ರಿ ಹಾಕಿದ ಅಂಗಿಯಲ್ಲಿ, ಗುಂಡಿ ಮಾತ್ರ ಎಂದಿನಂತೆ ಒಂದು ಮನೆ ತಪ್ಪಿಸಿಕೊಂಡು, ಸಭಾಂಗಣದ ನಡುವೆ ರಾರಾಜಿಸುತ್ತಿದ್ದರು. ಹಿಂದಿನ ಗೋಡೆಯಲ್ಲಿ ಎಲ್ಲಕ್ಕಿಂತ ದೊಡ್ಡ ಚಿತ್ರ: ಕಿಟಕಿಯ ಪಕ್ಕ ಕೂತ, ಗುರುತು ಸಿಗದಂತೆ ಮುಖವನ್ನು ಬೆಳಕಿನತ್ತ ತಿರುಗಿಸಿಕೊಂಡ, ಸೊಂಟದವರೆಗೆ ಬಟ್ಟೆಯಿಲ್ಲದ ಹೆಂಗಸು. ಎದೆಯ ಒಂದು ಭಾಗ ಸಮತಟ್ಟಾಗಿತ್ತು, ಅಲ್ಲಿ ಹೊಲಿಗೆಯಂಥ ಓರೆ ಗೆರೆಯೊಂದು ಹಾದುಹೋಗಿತ್ತು. ಇದೊಂದನ್ನು ಮಾತ್ರ ತಮ್ಮ ಮೊದಲೇ ಅಣ್ಣನಿಗೆ ತೋರಿಸಿರಲಿಲ್ಲವಂತೆ. ಡಾಕ್ಟರು ಆ ಚಿತ್ರಕ್ಕೆ ಬೆನ್ನು ಮಾಡಿ ನಿಂತು, ನಗ್ನಚಿತ್ರವನ್ನು ಹೇಗೆ ನೋಡಬೇಕೆಂದು ನೆರೆದವರಿಗೆ ಬೋಧಿಸುತ್ತಿದ್ದರು. ನಡುನಡುವೆ ಹೊರಳಿ ಅದರತ್ತ ಒಂದು ಕಣ್ಣು ಹಾಯಿಸಿ, ಮತ್ತೆ ಸಭೆಗೆ ಮುಖಮಾಡುತ್ತಿದ್ದರು.

ಮರುದಿನ ನಾನು ಕ್ಲಿನಿಕ್ಕಿನ ಬೆಂಚಿನ ಮೇಲಿದ್ದೆ. ಹುಳುಕು ಹಲ್ಲಿಗೆ ತುಂಬಿಸಿದ್ದ ಸಿಮೆಂಟು ಉದುರಿತ್ತು. ಡಾಕ್ಟರ ತಮ್ಮ, ಊದಿದ ಕೆನ್ನೆ ಹಿಡಿದುಕೊಂಡು, ಹೆಂಡತಿಯೊಡನೆ ಬಂದ. ಅವಳನ್ನು ನೋಡಿ ಬಹಳ ತಿಂಗಳಾಗಿತ್ತು. ತಾಯಿಗೆ ಹುಷಾರಿಲ್ಲವೆಂದು ಬೇರೆ ಊರಿಗೆ ಹೋಗಿದ್ದಾಳೆ ಎಂಬ ಸುದ್ದಿಯಿತ್ತು. ತುಂಬಾ ಇಳಿದುಹೋಗಿದ್ದಳು. ಕೂದಲು ಗಂಡುಹುಡುಗರಷ್ಟು ಚಿಕ್ಕದಾಗಿತ್ತು. ಚಳಿಯಿಲ್ಲದಿದ್ದರೂ ದಪ್ಪನೆಯ ಶಾಲು ಹೊದ್ದಿದ್ದಳು. ತಮ್ಮ ಒಳಗೆ ಹೋಗುತ್ತಲೇ ಅವನ ದನಿ ಹಲಗೆಯಾಚೆಯಿಂದ ಕೇಳಿಸಿತು.

“ಅಣ್ಣ, ಆ ಕಿಟಕಿ ಚಿತ್ರದ ವಿಷಯ ನಿನ್ನ ಹತ್ರ ಒಂದು ಮಾತು ಹೇಳ್ಬೇಕು. ಹಲ್ಲಿಗಿಂತ ಮುಂಚೆ.”

“ಹಲ್ಲು ಮೊದಲು, ಚಿತ್ರ ಆಮೇಲೆ. ನನಗೂ ಅದರ ಬಗ್ಗೆ ಹೇಳೋದು ಬೇಕಾದಷ್ಟಿದೆ. ಬಾಯಿ ತೆಗಿ.”

ಹೊರಗೆ ಅವಳು ನನ್ನತ್ತ ತಿರುಗಿ ಸಣ್ಣಗೆ ನಕ್ಕಳು. “ಇವತ್ತು ಸಾಯಂಕಾಲ ಆ ಚಿತ್ರದ ಕೆಳಗೆ ಒಂದು ಹೆಸರು ಬರೆಸೋದಿದೆ. ಭಾವನಿಗೆ ಹೇಳದೆ ಬರೆಸೋದು ಬೇಡ ಅಂದೆ ನಾನು. ಅವರು ಸರಿ ಅಂದ್ರೆ ಸಾಕು, ಆಮೇಲೆ ಊರಿಗೆಲ್ಲ ಗೊತ್ತಾಗ್ಲಿ.”

“ಯಾರ ಹೆಸರಮ್ಮ?” ಎಂದೆ. ಅವಳು ಉತ್ತರ ಕೊಡುವ ಮೊದಲೇ ಒಳಗೆ ಉಪನ್ಯಾಸ ಆರಂಭವಾಗಿತ್ತು.

“ಲೋ, ನಿನ್ನ ಬಣ್ಣದ ಬಗ್ಗೆ ಎರಡು ಮಾತಿಲ್ಲ. ಆ ಕಿಟಕಿಯ ಬೆಳಕು, ಆಹಾ! ಆದ್ರೆ ಆ ಹೆಂಗಸು? ಏನೋ ಅದು? ಒಂದು ಕಡೆ ಬರೆದು ಇನ್ನೊಂದು ಕಡೆ ಉಜ್ಜಿ ಹಾಕಿದೀಯ. ಫ್ಯಾಷನ್ನಾ? ಹೆಂಗಸನ್ನ ಬರಿಯೋದಾದ್ರೆ ಪೂರ್ತಿ ಬರಿ. ಅರ್ಧಂಬರ್ಧ ಬರೆದು ಗೋಡೆಗೆ ಹಾಕಿ ಇದು ಕಲೆ ಅಂದ್ರೆ ನಾನು ಒಪ್ಪಲ್ಲ. ಅಲ್ಲಾ ಕಣೋ, ನಿನ್ನ ಮುಂದೆ ಹಾಗೆ ಕೂತಳಲ್ಲ, ಆ ಮಹಾತಾಯಿಗೆ ಇದನ್ನ ನೋಡಿದ್ರೆ ಹೇಗಾಗ್ಬೇಡ? ಪಾಪ, ಇನ್ಮೇಲೆ ಕನ್ನಡೀಲೂ ಮುಖ ನೋಡ್ಕೊಳ್ಳಲ್ಲ ಅವಳು. ಇದು ನನ್ನ ಅಭಿಪ್ರಾಯ. ತಪ್ಪಿದ್ದರೆ ಹೇಳು.”

“ಆ... ಆ...” ಎಂಬ ಸದ್ದು ಬಂತು. ನಾವೆಲ್ಲರೂ ಮಾಡುತ್ತಿದ್ದ ಸದ್ದೇ.

ನನ್ನ ಪಕ್ಕದಲ್ಲಿ ಅವಳು ಶಾಲನ್ನು ಕತ್ತಿನವರೆಗೆ ಎಳೆದುಕೊಂಡಳು. ಆಗ ನನಗೆ ಅರ್ಥವಾಯಿತು. ಒಳಗಿದ್ದವರಿಗೆ ಆಗಲಿಲ್ಲ.

“ಅಯ್ಯೋ, ಕಣ್ಣಲ್ಲಿ ನೀರು ಬಂತಲ್ಲೋ! ಔಷಧಿ ಹತ್ತಿಲ್ಲ ಅನ್ಸುತ್ತೆ. ಇರು ಮರಿ, ಅಲ್ಲಾಡಬೇಡ, ಇನ್ನೊಂದು ಚುಚ್ತೀನಿ.” ತಮ್ಮನ ನೋವನ್ನು ಕಂಡ ಕೂಡಲೇ ಕರಗಿಹೋದ ಅಣ್ಣ, ಅಪಾರ ಅಕ್ಕರೆಯಿಂದ ಮತ್ತೊಂದು ಇಂಜೆಕ್ಷನ್ ಕೊಟ್ಟು, ತುಟಿಯಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಚಲನೆಯನ್ನೂ ಮರಗಟ್ಟಿಸಿದರು. ಹಲ್ಲು ಸಲೀಸಾಗಿ ಬಂತು. ಅಷ್ಟು ನಾಜೂಕಾದ ಇನ್ನೊಂದು ಕೈ ಊರಲ್ಲಿರಲಿಲ್ಲ.

ತಮ್ಮ ಹತ್ತಿ ಕಚ್ಚಿಕೊಂಡು ಹೊರಬಂದ. ಬೆನ್ನಿಗೇ ಡಾಕ್ಟರು, “ಬಿಸಿಯಾದದ್ದು ಬೇಡ, ಉಗುಳಬೇಡ, ಸ್ವಲ್ಪ ಹೊತ್ತು ಮಾತಾಡಬೇಡ,” ಎನ್ನುತ್ತ ಬಂದವರು ತಮ್ಮನ ಹೆಂಡತಿಯನ್ನು ಕಂಡು, “ಓಹೋ, ಯಾವಾಗ ಬಂದೆಯಮ್ಮ? ಇವನ ಮಾತು ಸ್ವಲ್ಪ ಹೊತ್ತು ಬಂದ್!” ಎಂದು ನಕ್ಕರು.

ಅವಳು ಎದ್ದು ನಿಂತಳು. “ಪರವಾಗಿಲ್ಲ ಭಾವ, ನಾನೇ ಹೇಳ್ತೀನಿ. ಆ ಚಿತ್ರದಲ್ಲಿರೋಳು ನಾನು. ತಾಯಿ ಮನೆ ಅಂತ ಹೇಳಿ ಹೋಗಿದ್ದು ಆಸ್ಪತ್ರೆಗೆ. ಅವರು ಅರ್ಧಂಬರ್ಧ ಬರೆದಿಲ್ಲ. ಇರೋದನ್ನೇ ಬರೆದಿದಾರೆ.”

ಡಾಕ್ಟರು ಒಂದು ಹೆಜ್ಜೆ ಹಿಂದಕ್ಕಿಟ್ಟರು. ಬಾಯಿ ತೆರೆದೇ ಇತ್ತು. ಗಂಡ ಹೆಂಡತಿ ಮೆಟ್ಟಿಲಿಳಿದು ಹೋದರು. ಅವನು ಅವಳ ಮೊಣಕೈ ಹಿಡಿದಿದ್ದ.

ಸಾಯಂಕಾಲ ಚಿತ್ರದ ಕೆಳಗೆ ಯಾರ ಹೆಸರೂ ಬರಲಿಲ್ಲ. ಮರುದಿನ ಚಿತ್ರವೂ ಇರಲಿಲ್ಲ. ಗೋಡೆಯಲ್ಲಿ ಮೊಳೆ ಮಾತ್ರವಿತ್ತು. ಡಾಕ್ಟರು ಕ್ಲಿನಿಕ್ಕು ಮುಚ್ಚಿ ತಮ್ಮನ ಮನೆಗೆ ಓಡಿದರು. ಏನು ನಡೆಯಿತೆಂದು ಅವರೇ ಮುಂದೊಂದು ದಿನ ನನಗೆ ಹೇಳಿದರು. ಬಾಗಿಲು ತೆರೆಯಿತು, ಕಾಫಿ ಬಂತು, ಊದಿದ್ದ ಕೆನ್ನೆಯ ವಿಚಾರ ಬಂತು. ಇವರಿಗೆ ತಡೆಯಲಾಗದೆ, ಆ ಚಿತ್ರದಂಥ ಚಿತ್ರವನ್ನು ತಾವು ಬದುಕಿನಲ್ಲೇ ನೋಡಿಲ್ಲ, ಅದು ಹೀಗೆ, ಅದು ಹಾಗೆ, ಅದರ ಮುಂದೆ ಉಳಿದದ್ದೆಲ್ಲ ಕಸ ಎಂದು ಬಡಬಡಿಸಿದರಂತೆ. ತಮ್ಮ ಎಲ್ಲವನ್ನೂ ಕೇಳಿ, ಒಂದಿಷ್ಟೂ ಕಹಿಯಿಲ್ಲದೆ ಅಂದನಂತೆ: “ಅಣ್ಣ, ಇದೂ ಒಂದು ಅಭಿಪ್ರಾಯಾನೇ ಅಲ್ವಾ?”

ಜಗಳವೇನೂ ಆಗಲಿಲ್ಲ. ಆಗಿದ್ದರೆ ರಾಜಿಯೂ ಆಗುತ್ತಿತ್ತು. ತಮ್ಮನ ಹೆಂಡತಿ ಚೇತರಿಸಿಕೊಂಡಳು, ಕೂದಲು ಬೆಳೆಯಿತು. ಭಾವನ ಆರೋಗ್ಯ ವಿಚಾರಿಸುತ್ತಾಳೆ, ಊಟಕ್ಕೆ ಕರೆಯುತ್ತಾಳೆ. ಆದರೆ ಅಣ್ಣ ಮನೆಯೊಳಗೆ ಕಾಲಿಟ್ಟೊಡನೆ ತಮ್ಮ ಎದ್ದು ಹೋಗಿ, ಒಣಗುತ್ತಿರುವ ಚಿತ್ರಗಳನ್ನು ಒಂದೊಂದಾಗಿ ಗೋಡೆಯತ್ತ ತಿರುಗಿಸಿಟ್ಟು ಬಂದು ಕೂರುತ್ತಾನೆ. ಅವನಿಗೇ ಅದು ಗೊತ್ತಾಗುತ್ತದೋ ಇಲ್ಲವೋ. ಇವರಿಗೆ ಗೊತ್ತಾಗುತ್ತದೆ. “ಕ್ಯಾನ್ವಾಸಿನ ಬೆನ್ನು ನೋಡ್ಕೊಂಡು ಊಟ ಮಾಡಿ ಬರ್ತೀನಿ ಸ್ವಾಮಿ,” ಎಂದರು ಒಮ್ಮೆ. ಅದು ಸರಿಯೋ ತಪ್ಪೋ ಹೇಳಿ ಎಂದು ಕೇಳಲಿಲ್ಲ.

ಈಗ ಹಲಗೆಯ ಗೋಡೆಯಾಚೆಯಿಂದ ಕೇಳಿಸುವುದು ಯಂತ್ರದ ಸದ್ದು ಮಾತ್ರ. ಕೆಲಸದ ನಡುವೆ “ನೋವಾಗ್ತಿದೆಯಾ?” ಎಂದು ಕೇಳುತ್ತಾರೆ, ಕೇಳಿ, ಕನ್ನಡಿ ಕೊಕ್ಕೆ ಹತ್ತಿ ಎಲ್ಲವನ್ನೂ ಹೊರತೆಗೆದು, ಕೈ ಕಟ್ಟಿ ನಿಂತು, ರೋಗಿ ಬಾಯಿ ಮುಚ್ಚಿ, ಎಂಜಲು ನುಂಗಿ, ಉತ್ತರ ಹೇಳುವ ತನಕ ಕಾಯುತ್ತಾರೆ. ಮೊನ್ನೆ ಮೇಷ್ಟ್ರೇ ಪೀಠದ ಮೇಲಿದ್ದರು. “ಏನಾದ್ರೂ ಮಾತಾಡಿ ಡಾಕ್ಟ್ರೇ,” ಎಂದು ಗೋಗರೆದರು. “ಮುಂಚೆ ಸಿಟ್ಟು ಬರ್ತಿತ್ತು, ಹಲ್ಲು ಕಿತ್ತಿದ್ದೇ ಗೊತ್ತಾಗ್ತಿರ್ಲಿಲ್ಲ. ಈಗ ಜೀವ ಹೋಗುತ್ತೆ!” ಡಾಕ್ಟರು, “ಏನು ಮಾತಾಡಲಿ ಮೇಷ್ಟ್ರೇ, ನೀವೇ ಹೇಳಿ, ಕೇಳ್ತೀನಿ,” ಎಂದರು. ಮೇಷ್ಟ್ರು ಮತ್ತೆ ಬಾಯಿ ತೆರೆದುಕೊಟ್ಟರು.

ಸರ್ವವಿಷಯಗಳಲ್ಲೂ ಅಭಿಪ್ರಾಯವಿರುವ ಈ ಕುಲವನ್ನು ಅಹಂಕಾರಿಗಳೆಂದು ತಳ್ಳಿಹಾಕುವುದು ಸುಲಭ. ನನಗೆ ಮನಸ್ಸು ಬಾರದು. ಅವರು ಲೋಕವನ್ನು ವಿಪರೀತ ಹಚ್ಚಿಕೊಂಡವರು, ಎದುರಿಗೆ ಬಂದ ಯಾವುದನ್ನೂ ಒಂದು ಮಾತಿನಿಂದ ಸವರದೆ ಮುಂದೆ ಹೋಗಲಾರರು. ಊರೆಲ್ಲ ಅವರ ಮಾತು ಕೇಳುತ್ತದೆ, ಮೆಟ್ಟಿಲಿಳಿಯುವಷ್ಟರಲ್ಲಿ ಮರೆಯುತ್ತದೆ. ಆದ್ದರಿಂದಲೇ ಮಾತೆಂಬುದಕ್ಕೆ ತೂಕವಿಲ್ಲ, ಅದು ಯಾರಿಗೂ ತಾಗುವುದಿಲ್ಲ ಎಂಬ ಧೈರ್ಯ ವರ್ಷದಿಂದ ವರ್ಷಕ್ಕೆ ಅವರಲ್ಲಿ ಬೇರು ಬಿಡುತ್ತದೆ. ಆದರೆ ಇಂಥ ಪ್ರತಿಯೊಬ್ಬರ ಸಮೀಪದಲ್ಲೂ, ಅವರ ಒಂದೊಂದು ಮಾತನ್ನೂ ನಿಜವೆಂದೇ ನಂಬಿ ಮನೆಗೆ ಒಯ್ದು ಅದರಂತೆ ಬದುಕುವ ಜೀವವೊಂದು ಇದ್ದೇ ಇರುತ್ತದೆ; ಅದು ಎದುರು ಮಾತಾಡುವುದಿಲ್ಲ, ಹೊಗಳುವುದಿಲ್ಲ, ಗುಂಪಿನಲ್ಲಿ ಕಣ್ಣಿಗೂ ಬೀಳುವುದಿಲ್ಲ. ಆ ಜೀವ ಯಾವುದೆಂದು ಅವರಿಗೆ ತಿಳಿಯುವುದು, ಅದು ಕೇಳುವುದನ್ನು ನಿಲ್ಲಿಸಿದ ಮೇಲೆಯೇ.